ಎರಡು ಟರ್ಬೊ, ಹದಿನಾರು ರಿಂಗು

ಮಾರ್ಚ್ ೧೧, ಮಂಗಳವಾರ
ಷೆಡ್ಡಿನ ಮೇಜು, ಮಧ್ಯಾಹ್ನದ ಊಟವಾದ ಮೇಲೆ

ಚೂಟಿ,

ಎರಡು ವರ್ಷ ನಾಲ್ಕು ತಿಂಗಳಾದ ಮೇಲೆ ಲಕೋಟೆಯ ಮೇಲೆ ಅಮ್ಮನ ಕೈಬರಹ ನೋಡಿ ಯಾರಿಗೇನಾಯಿತೋ ಎಂದು ಗಾಬರಿ ಬೀಳಬೇಡ. ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ. ನಿಮ್ಮಪ್ಪ ಎಂದಿನಂತೆ ಮುಂದಿನ ಕೋಣೆಯಲ್ಲಿ ಕಾರಿನ ಸೀಟುಗಳಿಗೆ ಚರ್ಮ ಹೊಲಿಯುತ್ತ, ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುತ್ತ, ನಾನು ಬೈಯಲು ಶುರು ಮಾಡಿದರೆ ಮೆಷಿನ್ನಿನ ವೇಗ ಹೆಚ್ಚಿಸುತ್ತ ಕೂತಿದ್ದಾರೆ. ಭಾನುವಾರ ಅವರು ನಿನ್ನೊಂದಿಗೆ ಫೋನಿನಲ್ಲಿ ಮಾತಾಡುವಾಗ ನಾನು ಏನೋ ಹುಡುಕುವವಳಂತೆ ಅಲ್ಲೇ ಸುಳಿದಾಡುತ್ತಿರುತ್ತೇನೆ. ನೀನು ನೀರಿನ ಪಂಪು ರಿಪೇರಿಯ ಅಂಗಡಿಯಲ್ಲಿರುವುದು, ಅಲ್ಲಿ ಕೂರಲು ಒಂದು ಒಳ್ಳೆಯ ಸ್ಟೂಲೂ ಇಲ್ಲದಿರುವುದು, ಎಲ್ಲವೂ ನನಗೆ ಹಾಗೆಯೇ ತಿಳಿದದ್ದು.

ಈ ಪತ್ರ ಒಂದು ಎಂಜಿನ್ ವಿಷಯಕ್ಕೆ. ಹೇಳದೆ ಇರಲಾರೆ, ಹೇಳೋಣವೆಂದರೆ ಇಲ್ಲಿ ಯಾರೂ ಇಲ್ಲ. ನಿಮ್ಮಪ್ಪನಿಗೆ ಅರ್ಧ ಗಂಟೆ ವಿವರಿಸಿದೆ. ಕಡೆಗೆ ಅವರು, ಅಂದ್ರೆ ಕುಕ್ಕರ್ ಥರಾನಾ ಅಂತ ಕೇಳಿದರು. ಹೌದು, ಕುಕ್ಕರ್ ಥರಾನೇ ಅಂದು ಎದ್ದು ಬಂದೆ.

ಕಳೆದ ತಿಂಗಳು ಒಬ್ಬ ಕುದುರೆ ಡಾಕ್ಟರು ಬಂದರು. ರೇಸಿನ ಕುದುರೆಗಳ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳುವುದೇ ಕೆಲಸವಾಗಿರುವ ಹೆಂಗಸು, ನಲವತ್ತು ದಾಟಿರಬೇಕು, ಮಾತು ಕಡಿಮೆ. ಅವರ ಕಾರು ಹದಿನೈದು ವರ್ಷ ಹಳೆಯದು. ಬೂದು ಬಣ್ಣ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಹಿಂಬದಿಯ ಮುಚ್ಚಳ ಎತ್ತಿದೆ ನೋಡು, ಸೀಟುಗಳ ಹಿಂದೆಯೇ ಎಂಟು ಸಿಲಿಂಡರು, ನಾಲ್ಕು ಲೀಟರು, ನಿಮಿಷಕ್ಕೆ ಎಂಟೂವರೆ ಸಾವಿರ ಸುತ್ತಿನವರೆಗೆ ಒಂದು ಗೊಣಗಾಟವೂ ಇಲ್ಲದೆ ಏರುವ ಎಂಜಿನ್. ಇದಕ್ಕೆ ಎರಡು ಟರ್ಬೊ ಕೂರಿಸಿ ಕೊಡಿ ಅಂದರು. ನಾನು ಮೂಗು ಮುರಿದೆ. ಇಷ್ಟು ಚೆನ್ನಾಗಿ ತಾನಾಗಿಯೇ ಉಸಿರಾಡುವ ಎಂಜಿನ್ನಿಗೆ ಟರ್ಬೊ ಯಾಕೆ ಅಂತ ಕೇಳಿದೆ. ಅವರು, ನನ್ನ ಕುದುರೆಗಳಿಗೆ ಇನ್ನೊಂದು ಜೊತೆ ಶ್ವಾಸಕೋಶ ಕೊಡೋಕೆ ನನ್ನ ಕೈಲಾಗಲ್ಲ, ಇದಕ್ಕಾದ್ರೂ ಕೊಡಿಸೋಣ ಅಂತ ಅಂದರು. ಹಾಗೆ ಕೇಳಿದವರಿಗೆ ಇಲ್ಲ ಅನ್ನುವುದು ಹೇಗೆ ಹೇಳು.

ಮೂವತ್ತು ವರ್ಷದಲ್ಲಿ ಎಷ್ಟು ಟರ್ಬೊ ಕೂರಿಸಿದೆನೋ ಲೆಕ್ಕವಿಲ್ಲ. ಆದರೂ ಹೊಸದನ್ನು ಪೆಟ್ಟಿಗೆಯಿಂದ ತೆಗೆದು ಕೈಯಲ್ಲಿ ಹಿಡಿದಾಗ ಪ್ರತಿ ಸಲವೂ ಬೆರಳಿನಿಂದ ಒಮ್ಮೆ ತಿರುಗಿಸಿ ನೋಡುತ್ತೇನೆ. ಒಂದು ಗಿಡ್ಡ ದಂಡ, ಅದರ ಎರಡು ತುದಿಗೆ ಅಂಗೈಯಗಲದ ಎರಡು ಚಕ್ರ. ಎಂಜಿನ್ ಉಗುಳಿದ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿನೊಳಗೆ ಒತ್ತಿ ತುಂಬುತ್ತದೆ. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು, ಹೆಚ್ಚು ಬಲ. ಅಷ್ಟೇ ಕಥೆ. ಆದರೆ ಆ ದಂಡ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ಸುತ್ತುತ್ತದೆ, ಚೂಟಿ. ಒಂದು ಕಡೆ ಕಬ್ಬಿಣ ಕೆಂಪಾಗುವ ಬಿಸಿ, ಗೇಣು ದೂರದಲ್ಲಿ ಇನ್ನೊಂದು ಕಡೆ ಬೀದಿಯ ತಣ್ಣನೆಯ ಗಾಳಿ. ಅಷ್ಟು ವೇಗದಲ್ಲೂ ದಂಡ ಯಾವ ಲೋಹಕ್ಕೂ ತಾಗದೆ ಕೂದಲಿಗಿಂತ ತೆಳ್ಳಗಿನ ಎಣ್ಣೆಯ ಪದರದ ಮೇಲೆ ತೇಲುತ್ತಿರುತ್ತದೆ. ಇದನ್ನೆಲ್ಲ ನಡೆಸುವುದು ನಾವು ಹೊರಗೆ ಬಿಸಾಡುವ ಹೊಗೆ. ಕುದುರೆ ಡಾಕ್ಟರಿಗೆ ಒಂದನ್ನು ಕೈಗೆ ಕೊಟ್ಟಾಗ ಅವರು ಮೊದಲು ಮಾಡಿದ್ದು ಬಾಯಿಂದ ಊದಿದ್ದು. ಚಕ್ರ ಸುತ್ತಿತು, ಸುತ್ತುತ್ತಲೇ ಇತ್ತು. ಒಂಬತ್ತು ವರ್ಷದವಳಿದ್ದಾಗ ನೀನೂ ಹಾಗೇ ಊದಿ, ಇದು ನಿಲ್ಲೋದೇ ಇಲ್ವಾ ಅಂತ ಕೇಳಿದ್ದೆ.

ಎಂಜಿನ್ ಪೂರ್ತಿ ಬಿಚ್ಚಿದೆ. ಟರ್ಬೊದ ಒತ್ತಡ ತಡೆಯುವ ಹೊಸ ಪಿಸ್ಟನ್ನುಗಳು ಬಂದವು, ಅವಕ್ಕೆ ಹೊಸ ರಿಂಗುಗಳು. ಸಿಲಿಂಡರಿಗೆ ಎರಡರಂತೆ ಹದಿನಾರು ರಿಂಗು ಉಜ್ಜಬೇಕು. ನಿನಗೆ ಇದನ್ನೆಲ್ಲ ಹೇಳುವುದು ಅಧಿಕಪ್ರಸಂಗ. ಆದರೆ ನಿಮ್ಮಪ್ಪ ಈ ಪತ್ರವನ್ನು ಓದದೆ ಅಂಚೆಗೆ ಹಾಕುವುದಿಲ್ಲವೆಂದು ನನಗೆ ಗೊತ್ತಿದೆ, ಆದ್ದರಿಂದ ಅವರಿಗಾಗಿ ಬರೆಯುತ್ತೇನೆ. ಪಿಸ್ಟನ್ನಿನ ಸುತ್ತ ಕೂರುವ ರಿಂಗು ಪೂರ್ತಿ ದುಂಡಗಿರುವುದಿಲ್ಲ, ಒಂದು ಕಡೆ ಕತ್ತರಿಸಿ ಸಂದು ಬಿಟ್ಟಿರುತ್ತಾರೆ. ಬಿಸಿಗೆ ರಿಂಗು ಉದ್ದವಾಗುತ್ತದೆ. ಸಂದು ಸಾಲದಿದ್ದರೆ ತುದಿಗಳು ಒಂದಕ್ಕೊಂದು ಗುದ್ದಿ ಪಿಸ್ಟನ್ನನ್ನೇ ಒಡೆಯುತ್ತವೆ. ಟರ್ಬೊ ಇದ್ದರೆ ಬಿಸಿ ಹೆಚ್ಚು, ಸಂದೂ ಹೆಚ್ಚು ಬೇಕು, ಅದಕ್ಕೇ ತುದಿ ಉಜ್ಜುವುದು. ಅರ್ಧ ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಜಾಸ್ತಿ.

ನೀನಿದ್ದಾಗ ಈ ಕೆಲಸಕ್ಕೆ ನಾನು ಕೈ ಹಾಕುತ್ತಿರಲಿಲ್ಲ. ನೀನು ಒಂದೊಂದು ರಿಂಗನ್ನೂ ಉಜ್ಜಿ, ಅದರ ಅಂಚನ್ನು ಕಲ್ಲಿನ ಮೇಲೆ ಸವರಿ, ಅದರದೇ ಸಿಲಿಂಡರಿನಲ್ಲಿ ಇಟ್ಟು ಅಳೆದು, ಪಟ್ಟಿಯ ಮೇಲೆ ಅಳತೆ ಬರೆದು ಅಂಟಿಸಿ ಮನೆಗೆ ಹೋಗುತ್ತಿದ್ದೆ. ಮರುದಿನ ಬೆಳಗ್ಗೆ ಬಂದು ಎಲ್ಲವನ್ನೂ ಮತ್ತೆ ಅಳೆಯುತ್ತಿದ್ದೆ. ಕೈ ಬಿಸಿಗೆ ರಿಂಗು ಉಬ್ಬಿರುತ್ತಮ್ಮ, ತಣ್ಣಗಾದ್ಮೇಲೆ ಹೇಳೋದೇ ನಿಜ ಅಂತಿದ್ದೆ. ನಾನು, ನಿನ್ನ ಕೈಯೇನು ಒಲೆಯಾ ಅಂತ ಗದರುತ್ತಿದ್ದೆ. ಈ ಸಲ ನಾನೇ ಕೂತು ಹದಿನಾರನ್ನೂ ಒಂದೇ ಬೆಳಗ್ಗೆ ಮುಗಿಸಿ ಬೀಗಿದೆ. ಮರುದಿನ ಸುಮ್ಮನೆ, ನಿನ್ನದು ತಪ್ಪೆಂದು ತೋರಿಸಲೆಂದೇ, ಮತ್ತೆ ಅಳೆದೆ. ನಾಲ್ಕರ ಅಳತೆ ಬದಲಾಗಿತ್ತು. ಇಪ್ಪತ್ತೆರಡನೆಯ ವಯಸ್ಸಿಗೆ ನಿನ್ನ ಬೆರಳಿಗೆ ತಿಳಿದದ್ದು ಐವತ್ತೆಂಟಕ್ಕೂ ನನಗೆ ತಿಳಿದಿರಲಿಲ್ಲ.

ಇಲ್ಲಿ ಪೆನ್ನು ಕೆಳಗಿಟ್ಟು ನೀರು ಕುಡಿದು ಬಂದೆ. ಬಿಳಿ ಕಾರಿನ ವಿಷಯಕ್ಕೆ ಬರಲೇಬೇಕು, ಬರುತ್ತೇನೆ. ಅದಕ್ಕೆ ಮೊದಲು ಒಂದು ನಗುವ ಸಂಗತಿ ಹೇಳಿಬಿಡುತ್ತೇನೆ, ಆಮೇಲೆ ನಗು ಬರುವುದಿಲ್ಲ.

ಎಲ್ಲ ಜೋಡಿಸಿ ಮೊದಲ ಸಲ ಸ್ಟಾರ್ಟ್ ಮಾಡಿದ ದಿನ ಷೆಡ್ಡೆಲ್ಲ ಬಿಳಿ ಹೊಗೆ. ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ನಿಮ್ಮಪ್ಪ ಬೆಂಕಿ ಬಿತ್ತೆಂದು ಹೊಲಿದಿಟ್ಟ ಎರಡು ಸೀಟುಗಳನ್ನು ಕಂಕುಳಲ್ಲಿ ಇರುಕಿಕೊಂಡು ಬೀದಿಗೆ ಓಡಿದರು. ಹೆಂಡತಿ ಒಳಗಿದ್ದಾಳೆ ಅನ್ನುವುದು ರಸ್ತೆ ದಾಟಿದ ಮೇಲೆ ನೆನಪಾಯಿತಂತೆ. ಸೀಟು ಗಿರಾಕೀದು, ನೀನು ನನ್ನವಳೇ ಅಲ್ವಾ ಅಂತ ಸಮಜಾಯಿಷಿ ಬೇರೆ. ತಪ್ಪು ನನ್ನದೇ. ಈ ಕಾರಿನಲ್ಲಿ ಟರ್ಬೊಗಳು ತುಂಬ ಕೆಳಗೆ ಕೂರುತ್ತವೆ. ಅವುಗಳಿಂದ ಎಣ್ಣೆ ತಾನಾಗಿ ಇಳಿದು ಹೋಗಬೇಕು. ನಾನು ಹಾಕಿದ ಕೊಳವೆ ಒಂದು ಕಡೆ ಬೆರಳಿನಷ್ಟು ಮೇಲಕ್ಕೆ ಬಾಗಿತ್ತು. ಇಳಿಯಲಾಗದ ಎಣ್ಣೆ ಹೊಗೆಯ ದಾರಿಗೆ ಸೋರಿ ಸುಟ್ಟುಹೋಗುತ್ತಿತ್ತು. ಎರಡು ದಿನ ನೆಲದ ಮೇಲೆ ಅಂಗಾತ ಮಲಗಿ ಸರಿ ಮಾಡಿದೆ, ಸೊಂಟ ಇನ್ನೂ ಗೊಣಗುತ್ತಿದೆ.

ಕಳೆದ ಸೋಮವಾರ ಕಾರನ್ನು ಡೈನೊ ಮೇಲೆ ಹತ್ತಿಸಿದೆ. ಹಗ್ಗ ಬಿಗಿದು, ಚಕ್ರಗಳನ್ನು ಉರುಳೆಗಳ ಮೇಲೆ ಓಡಿಸಿದರೆ ನಿಂತಲ್ಲೇ ಎಷ್ಟು ಬಲವೆಂದು ತೋರಿಸುವ ಆ ನಮ್ಮ ಹಳೆಯ ಯಂತ್ರ. ಕುದುರೆ ಡಾಕ್ಟರು ನೋಡಲು ಬಂದು ಮೂಲೆಯಲ್ಲಿ ಕೈ ಕಟ್ಟಿ ನಿಂತಿದ್ದರು. ಎಂದಿನಂತೆ ತಾಮ್ರದ ಕೊಳವೆಯ ಒಂದು ತುದಿಯನ್ನು ಎಂಜಿನ್ನಿಗೆ ಬೋಲ್ಟು ಹಾಕಿ ಬಿಗಿದೆ, ಇನ್ನೊಂದು ತುದಿಯ ರಬ್ಬರ್ ನಳಿಗೆಯನ್ನು ಕಿವಿಮುಚ್ಚಳಕ್ಕೆ ಸೇರಿಸಿ ತಲೆಗೆ ಹಾಕಿಕೊಂಡು ಕಾರಿನೊಳಗೆ ಕೂತೆ. ಈ ಒಂದು ಕೊಳವೆಯಿಂದಲ್ಲವೇ ನಾನು ಊರಿಗೆಲ್ಲ ಕಿವಿಯಮ್ಮ ಆದದ್ದು. ಎಂಜಿನ್ನಿನಲ್ಲೂ ಸೆನ್ಸರ್ ಇರುತ್ತದೆ, ಆದರೆ ಹೊಸ ಪಿಸ್ಟನ್ನಿನ ಸಾಮಾನ್ಯ ಸದ್ದು ಯಾವುದು, ನಾಕ್ ಯಾವುದು ಅಂತ ಅದಕ್ಕೆ ಮೊದಲು ಕಲಿಸಬೇಕಾದದ್ದು ಮನುಷ್ಯರ ಕಿವಿಯೇ. ನಾಕ್ ಅಂದರೆ, ನಿಮ್ಮಪ್ಪನಿಗೆ ಹೇಳುತ್ತಿದ್ದೇನೆ, ಕಿಡಿ ಹೊತ್ತಿಸಿದ ಬೆಂಕಿ ಬಂದು ಮುಟ್ಟುವುದರೊಳಗೆ ಮೂಲೆಯ ಪೆಟ್ರೋಲು ತಾನೇ ಸಿಡಿಯುವುದು. ಸಣ್ಣ ಸದ್ದು. ಅದನ್ನು ಕೇಳದೆ ಬಿಟ್ಟರೆ ಕೆಲವೇ ಕ್ಷಣದಲ್ಲಿ ಪಿಸ್ಟನ್ ಪುಡಿ.

ಒತ್ತಡ ಸ್ವಲ್ಪ ಸ್ವಲ್ಪವೇ ಏರಿಸಿದೆ. ಕಿವಿಯಲ್ಲಿ ಎಲ್ಲವೂ ಶುದ್ಧ. ಇಷ್ಟು ನಯವಾದ ಎಂಜಿನ್ನನ್ನು ನಾನು ಕೇಳಿಯೇ ಇಲ್ಲ ಅನ್ನಿಸಿತು. ಖುಷಿಯಲ್ಲಿ ಕುದುರೆ ಡಾಕ್ಟರನ್ನು ಕರೆದು ಪಕ್ಕದ ಸೀಟಿನಲ್ಲಿ ಕೂರಿಸಿ, ನೀವೂ ಕೇಳಿ ಡಾಕ್ಟ್ರೇ, ನಿಮ್ಮ ಕೆಲಸದ ಹಾಗೇ ಇದು ಅಂತ ಕಿವಿಮುಚ್ಚಳ ಅವರ ತಲೆಗೆ ಹಾಕಿ ಮತ್ತೆ ಓಡಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಐದು ಸಾವಿರ ದಾಟಿದ ಮೇಲೆ ಹುಬ್ಬು ಗಂಟಿಕ್ಕಿತು. ಅಮ್ಮಾ, ಒಳಗೆ ಯಾರೋ ತಗಡಿನ ಮೇಲೆ ಕಾಳು ಎರಚ್ತಾ ಇದಾರೆ, ಇದು ಇರಬೇಕಾದ್ದಾ ಅಂದರು.

ನನ್ನ ಕಾಲು ತಾನಾಗಿಯೇ ಪೆಡಲಿನಿಂದ ಮೇಲೆದ್ದಿತು. ಎಂಜಿನ್ ನಿಲ್ಲಿಸಿ, ಕೈ ಸುಟ್ಟರೂ ಬಿಡದೆ ಕಿಡಿ ಹೊತ್ತಿಸುವ ಪ್ಲಗ್ಗುಗಳನ್ನು ಬಿಚ್ಚಿದೆ. ಮೂರನೆಯ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಮೆಣಸು ಚೆಲ್ಲಿದಂತೆ ಸಣ್ಣ ಸಣ್ಣ ಚುಕ್ಕೆ, ಪಿಸ್ಟನ್ನಿನಿಂದ ಆಗಲೇ ಅಲ್ಯುಮಿನಿಯಂ ಉದುರಲು ಶುರುವಾಗಿತ್ತು. ಇನ್ನೊಂದು ಓಟ ಓಡಿಸಿದ್ದರೆ ಮುಗಿದಿತ್ತು. ಕಾಳಿನ ಸದ್ದು ಎಂದರು ನೋಡು, ಅದೇ ಮಾತಿನಲ್ಲಿ ನಾನು ನಿನಗೆ ನಾಕ್ ಕಲಿಸಿದ್ದು. ನನಗೆ ಒಂದು ಕಾಳೂ ಕೇಳಿರಲಿಲ್ಲ.

ಕಿಡಿಯ ಸಮಯವನ್ನು ಎರಡು ಡಿಗ್ರಿ ಹಿಂದಕ್ಕೆ ತೆಗೆದು, ಒತ್ತಡವನ್ನು ಅರ್ಧಕ್ಕೆ ಇಳಿಸಿ, ಕಿವಿಮುಚ್ಚಳವನ್ನು ಅವರಿಗೇ ಬಿಟ್ಟು, ಕಾಳು ಕೇಳಿದ ಕ್ಷಣ ಕೈ ಎತ್ತಿ ಅಂದು ಮತ್ತೆ ಓಡಿಸಿದೆ. ಅವರ ಕೈ ಏಳಲಿಲ್ಲ. ನಾನು ಅಲ್ಲಿಯವರೆಗೆ ಎಂಜಿನ್ನನ್ನು ಕಿವಿಯಿಂದಲೇ ಕೇಳಿದವಳು, ಅವತ್ತು ಉಳಿದ ಮೈಯಿಂದ ಕೇಳಿದೆ. ಮೂರು ಸಾವಿರದವರೆಗೆ ಹಳೆಯ ಎಂಜಿನ್ನೇ. ಆಮೇಲೆ ನೆಲ ಬಿಗಿಯಾಯಿತು. ಸೀಟು ಬೆನ್ನನ್ನು ಒತ್ತಿತು, ಹಗ್ಗಗಳು ಸೆಟೆದು ನಿಂತವು, ಸ್ಟೀರಿಂಗಿನ ಮೂಲಕ ಒಂದು ದೊಡ್ಡ ಪ್ರಾಣಿ ಉಸಿರೆಳೆದುಕೊಂಡದ್ದು ನನ್ನ ಮೊಣಕೈವರೆಗೂ ಬಂತು, ಅದು ಎಳೆಯುತ್ತಲೇ ಹೋಯಿತು, ಇನ್ನು ಸಾಕೇನೋ ಅನ್ನುವಾಗಲೂ ಎಳೆಯುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ತೆರೆದಿಟ್ಟ ಹಿಂಭಾಗದಲ್ಲಿ ಟರ್ಬೊಗಳ ಕವಚ ಎರಡೂ ಕೆಂಡದ ಬಣ್ಣಕ್ಕೆ ತಿರುಗಿದ್ದವು. ನಾನೂರ ಹತ್ತು ಅಶ್ವಶಕ್ತಿ ಇದ್ದ ಬಲ ಐನೂರ ಅರವತ್ತು ತೋರಿಸಿತು, ಅದೂ ಅರ್ಧ ಒತ್ತಡದಲ್ಲಿ. ಕುದುರೆ ಡಾಕ್ಟರು ಪರದೆಯನ್ನೇ ನೋಡುತ್ತ, ಈ ನೂರೈವತ್ತು ಕುದುರೆ ಇಷ್ಟು ದಿನ ಎಲ್ಲಿದ್ವು ಅಂತ ಮೆಲ್ಲಗೆ ಕೇಳಿದರು. ನಾನು ಎಂಜಿನ್ ಆರಿಸಿ ಇಳಿದೆ.

ಅವರು ಹೋದ ಮೇಲೆ ಬೀರುವಿನ ಕೆಳಖಾನೆಯಿಂದ ಬಿಳಿ ಕಾರಿನ ಪಿಸ್ಟನ್ನನ್ನು ಅದರ ರಿಂಗುಗಳ ಸಮೇತ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ನೀನು ಜೋಡಿಸಿದ ಎಂಜಿನ್, ನಾನು ಡೈನೊ ಮೇಲೆ ಓಡಿಸಿದೆ, ನಾಲ್ಕನೆಯ ಓಟಕ್ಕೆ ಒಡೆಯಿತು. ಕಾರಿನ ಯಜಮಾನರ ಮುಂದೆ, ಬೇರೆ ಎರಡು ಗ್ಯಾರೇಜಿನವರ ಮುಂದೆ, ಹುಡುಗಿ ರಿಂಗಿನ ಸಂದು ಕಮ್ಮಿ ಬಿಟ್ಟಿದಾಳೆ ಅಂದೆ. ನೀನು ಕೈ ತೊಳೆದುಕೊಂಡು ಹೋದೆ. ಆಮೇಲೆ ಒಬ್ಬರೂ ನಿನ್ನ ಕೈಗೆ ಎಂಜಿನ್ ಕೊಡಲಿಲ್ಲ.

ಸಂದು ಸಾಲದೆ ರಿಂಗಿನ ತುದಿಗಳು ಗುದ್ದಿದ್ದರೆ ಆ ತುದಿಗಳು ಕನ್ನಡಿಯಂತೆ ಹೊಳೆಯಬೇಕು. ನಿನ್ನ ರಿಂಗುಗಳ ತುದಿ ಮಂಕಾಗಿದೆ, ನೀನು ಕಲ್ಲಿನ ಮೇಲೆ ಸವರಿದ ಗೆರೆ ಕೂಡ ಹಾಗೇ ಇದೆ. ಪಿಸ್ಟನ್ನಿನ ತಲೆ ಮಾತ್ರ ಮರಳು ಎರಚಿದಂತೆ ಚುಚ್ಚಿಹೋಗಿದೆ. ಅದು ನಾಕ್. ನಾಕ್ ಕಾಯುವುದು ನನ್ನ ಕೆಲಸವಾಗಿತ್ತು. ನಿನ್ನ ಕೈ ತಪ್ಪಿರಲಿಲ್ಲ ಚೂಟಿ, ನನ್ನ ಕಿವಿ ತಪ್ಪಿತ್ತು.

ಗುರುವಾರ ಕಿವಿಯ ಡಾಕ್ಟರ ಹತ್ತಿರ ಹೋದೆ. ಮಾತು, ಬಾಗಿಲು, ಹಾರ್ನು ಎಲ್ಲ ಕೇಳುತ್ತದೆ. ನಾಕ್ ಇರುವ ಎತ್ತರದ ಸದ್ದು ಮಾತ್ರ ಪೂರ್ತಿ ಹೋಗಿದೆಯಂತೆ, ಮೂವತ್ತು ವರ್ಷದ ಎಂಜಿನ್ ಸದ್ದು ಅದನ್ನೇ ಆರಿಸಿ ತಿಂದಿದೆ. ಹೀಗೆ ಆಗಿದೆಯೆಂದು ಅಲ್ಲಿಯವರೆಗೆ ನನಗೆ ಸುಳಿವೂ ಇರಲಿಲ್ಲ.

ಬಿಳಿ ಕಾರಿನ ಯಜಮಾನರಿಗೂ ಆ ಇಬ್ಬರು ಗ್ಯಾರೇಜಿನವರಿಗೂ ಪತ್ರ ಬರೆದಿದ್ದೇನೆ. ಎಂಜಿನ್ ಒಡೆದದ್ದು ನನ್ನಿಂದ, ಮಗಳ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ, ಸಂಶಯವಿದ್ದರೆ ಬಂದು ಪಿಸ್ಟನ್ ನೋಡಿ ಎಂದು. ಅವುಗಳ ನಕಲು ಈ ಲಕೋಟೆಯಲ್ಲಿದೆ. ಮೂರರ ಮೇಲೂ ನನ್ನ ಸಹಿ ಇದೆ. ನೀನು ಯಾರಿಗೆ ಬೇಕಾದರೂ ತೋರಿಸು.

ಕುದುರೆ ಡಾಕ್ಟರ ಕಾರು ಇನ್ನೂ ಡೈನೊ ಮೇಲೇ ಇದೆ. ಅರ್ಧ ಒತ್ತಡಕ್ಕೇ ನಿಲ್ಲಿಸಿದ್ದೇನೆ. ಉಳಿದರ್ಧ ಏರಿಸಲು ನಾಕ್ ಬಲ್ಲ ಕಿವಿ ಬೇಕು. ಅವರು ಒಳ್ಳೆಯ ಮನಸ್ಸಿನವರು, ಆದರೆ ಕಾಳು ಕೇಳಿದ ಮೇಲೆ ಕೈ ಎತ್ತುತ್ತಾರೆ. ಕಾಳು ಬೀಳುವ ಮೊದಲೇ ಎಂಜಿನ್ನಿನ ದನಿ ಕೊಂಚ ಬಿರುಸಾಗುತ್ತದಲ್ಲ, ಅದು ಅವರಿಗೆ ತಿಳಿಯುವುದಿಲ್ಲ. ನಿನಗೆ ತಿಳಿಯುತ್ತದೆ. ಕಾಯುತ್ತೇನೆ, ಅವಸರವಿಲ್ಲ ಅಂದಿದ್ದಾರೆ. ನಾನೂ ಕಾಯುತ್ತೇನೆ. ಬರುವುದಾದರೆ ನನಗಾಗಿ ಬರಬೇಡ, ಆ ಎಂಜಿನ್ನಿಗಾಗಿ ಬಾ. ಅದು ಪೂರ್ತಿ ಉಸಿರೆಳೆದಾಗ ಹೇಗಿರುತ್ತದೆಂದು ನಮ್ಮಿಬ್ಬರಲ್ಲಿ ಒಬ್ಬರಾದರೂ ಸರಿಯಾಗಿ ಕೇಳಬೇಕು. ಮೇಜಿನ ಎದುರಿನ ಕುರ್ಚಿ ನಿನ್ನದೇ. ಈ ಸಲ ತಪ್ಪು ಕಂಡರೆ ನೀನು ಗದರು, ನಾನು ಕೇಳಿಸಿಕೊಳ್ಳುತ್ತೇನೆ.

ನಿಮ್ಮಪ್ಪ ನಿನಗೆಂದು ಒಂದು ಸ್ಟೂಲಿಗೆ ಚರ್ಮದ ಮೆತ್ತೆ ಹೊಲಿದಿದ್ದಾರೆ. ನೀನು ಬಂದರೂ ಬಾರದಿದ್ದರೂ ಕಳಿಸುತ್ತಾರಂತೆ.

ಊಟ ತಪ್ಪಿಸಬೇಡ.

ಇಂತು ನಿನ್ನನ್ನು ನೋಯಿಸಿದ,
ಅಮ್ಮ

ಮ.ಬ.: ಲಕೋಟೆ ಅಂಟಿಸಿದ ಮೇಲೆ ಹರಿದು ಮತ್ತೆ ತೆಗೆದಿದ್ದೇನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಕಿವಿಯ ಡಾಕ್ಟರನ್ನು ನೋಡಿದ್ದು ಈ ಗುರುವಾರ ಎರಡನೆಯ ಸಲ. ಮೊದಲ ಸಲ ಹೋದದ್ದು ಬಿಳಿ ಕಾರು ಒಡೆಯುವುದಕ್ಕೆ ಒಂಬತ್ತು ದಿನ ಮುಂಚೆ. ಗ್ಯಾಸ್ಕೆಟ್ ತರಲು ಹೋಗುತ್ತೇನೆ ಎಂದು ನಿನಗೆ ಹೇಳಿದ್ದೆ. ನೀನು ಬೇಕಾದ ಅಳತೆಗಳನ್ನು ಚೀಟಿಯಲ್ಲಿ ಬರೆದುಕೊಟ್ಟೆ, ಬರುವಾಗ ಗ್ಯಾಸ್ಕೆಟ್ಟುಗಳನ್ನೂ ತಂದೆ. ಈ ಎತ್ತರದ ಸದ್ದು ಇನ್ನು ನಿಮಗೆ ಕೇಳಿಸೋದಿಲ್ಲ ಅಂತ ಡಾಕ್ಟರು ಅವತ್ತೇ ಹೇಳಿದ್ದರು. ನಿಮ್ಮಪ್ಪನಿಗೂ ಹೇಳಲಿಲ್ಲ, ಇದನ್ನು ಓದಿದಾಗ ಅವರಿಗೂ ಗೊತ್ತಾಗುತ್ತದೆ. ಕಿವಿಯಿಲ್ಲದ ಕಿವಿಯಮ್ಮನ ಹತ್ತಿರ ಯಾರು ಬರುತ್ತಾರೆ ಎಂದು ಹೆದರಿದೆ. ಆ ಮೂರು ಪತ್ರಗಳಲ್ಲೂ ಈ ಮಾತು ಇರಲಿಲ್ಲ, ಈಗ ಸೇರಿಸಿದ್ದೇನೆ. ಬಿಳಿ ಕಾರಿನ ನಾಲ್ಕನೆಯ ಓಟಕ್ಕೆ ಮುಂಚೆ ನೀನು ಕಾರಿನ ಗಾಜಿನಾಚೆ ನಿಂತು, ಒಳಗೆ ಎಲ್ಲ ಸರಿಯಾಗಿ ಕೇಳ್ತಿದೆಯಾ ಅಂತ ಕೈಸನ್ನೆಯಲ್ಲಿ ಕೇಳಿದೆ. ನಾನು ನಿನ್ನ ಕಣ್ಣನ್ನೇ ನೋಡುತ್ತ ಹೆಬ್ಬೆರಳು ಎತ್ತಿ ತೋರಿಸಿದೆ.